ಒಂದು ಗಣಕ, ಎರಡು ಪರದೆ

ಒಂದೇ ಗಣಕಯಂತ್ರಕ್ಕೆ ಎರಡು 4ಕೆ ಪರದೆಗಳನ್ನು ಜೋಡಿಸಿಕೊಡಿರೆಂದು ಕೇಳುವ ಮಕ್ಕಳು ನಮ್ಮಲ್ಲಿಯೂ ಇದ್ದಾರೆ. ಬರಿಯ ಶೋಕಿಯೆಂದು ಹೆತ್ತವರು ತಳ್ಳಿಹಾಕಬಾರದು. ಎಡಗಡೆ ಮಲಯಾಳದ ಸುತ್ತೋಲೆ, ಬಲಗಡೆ ಅದರ ಕನ್ನಡ ಅನುವಾದ: ಈ ಸೌಕರ್ಯದ ಬೆಲೆ ಎರಡು ಭಾಷೆಗಳ ನಡುವೆ ಬದುಕುವ ನಮಗೆ ಗೊತ್ತು. ಒತ್ತಕ್ಷರಗಳೂ ಇಂಥ ಪರದೆಯಲ್ಲಿ ಸ್ಫುಟವಾಗಿ ಕಾಣುತ್ತವೆ.

ಆದರೆ ಹಣ ಕೊಡುವ ಮುನ್ನ ಗಣಕದ ಹಿಂಬದಿಯನ್ನು ನೋಡಿರಿ. 4ಕೆ ಪರದೆಯಲ್ಲಿ ಅಡ್ಡಕ್ಕೆ 3840, ಮೇಲಿನಿಂದ ಕೆಳಕ್ಕೆ 2160, ಅಂದರೆ ಸುಮಾರು 83 ಲಕ್ಷ ಚುಕ್ಕಿಗಳು. ಎರಡು ಪರದೆಗಳಿಗೆ ಅದರ ಇಮ್ಮಡಿ! ಇವನ್ನೆಲ್ಲ ಸೆಕೆಂಡಿಗೆ 60 ಬಾರಿ ಹೊಸದಾಗಿ ಮೂಡಿಸಬೇಕು. 2009ರಲ್ಲಿ ಬಂದ ಎಚ್‌ಡಿಎಂಐ 1.4ರಿಂದ 30 ಬಾರಿ ಮಾತ್ರ ಸಾಧ್ಯ. ಮೌಸಿನ ಬಾಣ ಕುಂಟುತ್ತಾ ಸಾಗುತ್ತದೆ. 2013ರ ಎಚ್‌ಡಿಎಂಐ 2.0 ಆಗಲಿ ಡಿಸ್‌ಪ್ಲೇಪೋರ್ಟ್ 1.2 ಆಗಲಿ ಇದ್ದರೆ ತೊಂದರೆಯಿಲ್ಲ. ಅಂಥ ಕಿಂಡಿಗಳು ಎರಡಿರಬೇಕು, ಎರಡನ್ನೂ ಒಟ್ಟಿಗೆ ನಡೆಸುವ ಶಕ್ತಿ ಗಣಕಕ್ಕೂ ಇರಬೇಕು. ಒಂದೇ ಎಚ್‌ಡಿಎಂಐ ಕಿಂಡಿಗೆ ಕವಲು ಜೋಡಿಸಿದರೆ ಎರಡು ಪರದೆಗಳಲ್ಲೂ ಒಂದೇ ಚಿತ್ರ ಮೂಡುತ್ತದೆ, ಅಷ್ಟೆ.

ಮನೆಯ ಗಣಕ ಹಳೆಯದೇ? ಹಾಗಾದರೆ 1920 ಅಡ್ಡ, 1080 ಎತ್ತರದ ಸಾಧಾರಣ ಪರದೆಗಳೆರಡನ್ನು ಕೊಡಿಸಿರಿ. ಅನುವಾದಕ್ಕೆ ಅಷ್ಟು ಸಾಕು. ಮಿಕ್ಕ ಹಣಕ್ಕೆ ಒಂದು ಒಳ್ಳೆಯ ನಿಘಂಟು ಬಂದೀತು.