ಹೊಸ ಮನೆಯಲ್ಲಿ ನಾಯಿ

ಬಹುಮಹಡಿಯ ಹೊಸ ವಸತಿಗೆ ಬಂದೊಡನೆ ನಾವು ಗಾಳಿ ಬೆಳಕುಗಳನ್ನು ಕಂಡು ಹಿಗ್ಗುತ್ತೇವೆ. ನಮ್ಮೊಡನೆ ಬಂದ ನಾಯಿಯಾದರೋ ಅನ್ನ ಮುಟ್ಟದೆ ಬಾಗಿಲ ಬಳಿ ನಿಂತು ಬೊಗಳುತ್ತದೆ. ಇದನ್ನು ಹಟವೆಂದು ಬಗೆದು ದಂಡಿಸುವುದು ಸರಿಯಲ್ಲ.

ನಮ್ಮ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದವನ್ನಷ್ಟೇ ಗ್ರಹಿಸುತ್ತದೆ. ನಾಯಿಯ ಕಿವಿ ಸುಮಾರು 45,000ದವರೆಗೂ ಗ್ರಹಿಸಬಲ್ಲದು. ನಮಗೆ ನಿಶ್ಶಬ್ದವಾದ ಕೋಣೆ ಅದಕ್ಕೂ ನಿಶ್ಶಬ್ದವೆನ್ನಲಾಗದು. ಪರಿಚಿತ ವಾಸನೆಯೂ ಅಲ್ಲಿಲ್ಲ. ಆದುದರಿಂದ ಅದರ ಹಳೆಯ ಹಾಸನ್ನು ಒಗೆಯದೆಯೇ ತಂದು ಹಾಸಬೇಕು. ಊಟ, ತಿರುಗಾಟಗಳ ವೇಳೆಯನ್ನು ಬದಲಿಸಬಾರದು. ಒಂಟಿಯಾಗಿರುವುದನ್ನು ಐದು ನಿಮಿಷ, ಹತ್ತು ನಿಮಿಷ ಎಂದು ಕ್ರಮೇಣ ಕಲಿಸಬೇಕು.

ನೆರೆಯವರ ದೂರಿಗೆ ಅಂಜಿ ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವವರುಂಟು. ಹಸಿವು ನೀರಡಿಕೆಗಳಿಗೆ ಈಡಾಗುವಂತೆ ಪ್ರಾಣಿಯನ್ನು ಅಕಾರಣವಾಗಿ ತೊರೆಯುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧ. ಕೆಲವು ವಾರಗಳ ತಾಳ್ಮೆಯಿದ್ದರೆ ಕಾಯಿದೆಯ ಮಾತೇ ಬೇಕಾಗದು.