ಬೆರಳಿಗೆ ಬುದ್ಧಿಯಿಲ್ಲವೆ?

ಕೈಕೆಲಸ ಬೇರೆ, ಬುದ್ಧಿಯ ಕೆಲಸ ಬೇರೆ ಎಂಬ ಭ್ರಮೆ ನಮ್ಮ ಓದಿದವರನ್ನು ಇನ್ನೂ ಬಿಟ್ಟಿಲ್ಲ. ಅಂಥವರು ಇಂಗ್ಲೆಂಡಿನಲ್ಲಿ ಹೊಳೆ ಕಾಯುತ್ತಿದ್ದವನೊಬ್ಬನ ಕೆಲಸವನ್ನು ನೋಡಬೇಕು.

ಆತ ಫ್ರ್ಯಾಂಕ್ ಸಾಯರ್. ವಿಲ್ಟ್‌ಶೈರಿನ ಏವನ್ ನದಿಯ ಕಾವಲು ಅವನ ಉದ್ಯೋಗ. ಟ್ರೌಟ್ ಮೀನು ತಿನ್ನುವ ನಿಂಫ್, ಎಂದರೆ ರೆಕ್ಕೆ ಬಲಿಯುವ ಮುನ್ನ ನೀರೊಳಗೇ ಬಾಳುವ ಹುಳು, ಈಜುವಾಗ ಕಾಲುಗಳನ್ನು ಮೈಗೆ ಒತ್ತಿಕೊಳ್ಳುವುದನ್ನು ಆತ ಕಣ್ಣಾರೆ ಕಂಡ. ಕೃತಕ ಹುಳುವಿಗೆ ಕಾಲಿನ ಬದಲು ಗರಿ ಸುತ್ತುವ ವಾಡಿಕೆಯನ್ನೇ ಕೈಬಿಟ್ಟ, ನೂಲನ್ನೂ ಬಿಟ್ಟ. ಕೂದಲೆಳೆಯಂಥ ತಾಮ್ರದ ತಂತಿಯಿಂದ ಗಾಳದ ಮೇಲೆ ಎದೆಯ ಉಬ್ಬು ಮಾಡಿ, ಗಂಡು ಫೆಸೆಂಟ್ ಹಕ್ಕಿಯ ಬಾಲದ ಗರಿಯ ನಾಲ್ಕು ಎಳೆಗಳನ್ನು ಅದೇ ತಂತಿಯೊಡನೆ ಹೊಸೆದು ಸುತ್ತಿದ. ಎಳೆಗಳ ತುದಿಯೇ ಬಾಲ; ತಂತಿಯೇ ನೂಲು, ತಂತಿಯೇ ಭಾರ. 1958ರಲ್ಲಿ ಆ ವಿದ್ಯೆ ಪುಸ್ತಕವಾಯಿತು.

ಇದು ವಿದ್ಯೆಯಲ್ಲವಾದರೆ ವಿದ್ಯೆ ಯಾವುದು?

ಚಿಮ್ಮಡದ ಕಡೆ ಟ್ರೌಟ್ ಇಲ್ಲ. ಅದಕ್ಕೆ ನೀಲಗಿರಿಯಂಥ ತಣ್ಣೀರು ಬೇಕು. ಆದರೆ ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳಿವೆ. ಹಾಸಿನಲ್ಲಿ ಹರಿದ ಎಳೆಯನ್ನು ಸೀರೆಯ ಮೈಯಲ್ಲಿ ಕಾಣದಂತೆ ಕೂಡಿಸುವ ನೇಕಾರನಿಗೂ ಇರುವುದು ಇದೇ ಕಣ್ಣು, ಇದೇ ಲೆಕ್ಕ. ಸಾಯರನ ನಾಲ್ಕು ಎಳೆಗೆ ಗ್ರಂಥದ ಗೌರವ. ನಮ್ಮವನ ಸಾವಿರಾರು ಎಳೆಗೆ ಕೂಲಿಯೆಂಬ ಹೆಸರು!

ನೇಕಾರನಿಗೆ ನಮ್ಮ ಅನುಕಂಪ ಬೇಡ. ಆತ ಬಲ್ಲದ್ದನ್ನು ಆತನ ಬಾಯಿಂದಲೇ ಕೇಳಿ ಬರೆದಿಡೋಣ. ಶಾಲೆಯಲ್ಲಿ ಗುರುವೆಂದು ಕೂಡಿಸೋಣ. ಮಗ ಮಗ್ಗ ಬಿಟ್ಟು ಹೊರಟ ಮೇಲೆ ಆ ವಿದ್ಯೆ ಯಾವ ಗ್ರಂಥಾಲಯದಲ್ಲಿಯೂ ಸಿಕ್ಕದು.