ಎಂಟಾಣೆಯ ಲೆಕ್ಕ



ನಾನು ಐದನೇ ಇಯತ್ತೆಯಲ್ಲಿದ್ದಾಗ ಪಾಲಬಾವಿಯಲ್ಲಿ ನಮ್ಮ ಸಭೆಯ ಕಾಣಿಕೆಯ ಲೆಕ್ಕ ಅಪ್ಪನ ಕೈಯಲ್ಲಿತ್ತು. ಒಂದು ಭಾನುವಾರ ರಾತ್ರಿ ಕಂದೀಲಿನ ಬೆಳಕಿನಲ್ಲಿ ಅಪ್ಪ ಮೂರು ಸಲ ಎಣಿಸಿದರು. ಬೆಳಿಗ್ಗೆ ಹಿರಿಯರ ಮುಂದೆ ಎಣಿಸಿ ಬರೆದದ್ದಕ್ಕಿಂತ ಎಂಟಾಣೆ ಕಡಿಮೆ!

“ಎಂಟಾಣೆಕ್ಕ ಇಷ್ಟ್ಯಾಕ ಒದ್ದಾಡ್ತೀರಿ? ನನ್ನ ಡಬ್ಬ್ಯಾಗಿಂದು ಹಾಕ್ರಿ” ಎಂದಳು ಅವ್ವ.

“ಹಾಕಿದ್ರ ಮೊತ್ತ ಸರಿ ಆಗತೈತಿ, ತಪ್ಪು ಸರಿ ಆಗೂದಿಲ್ಲ. ಕಬ್ಬು ಕಡಿಯೋ ಮುದುಕಿ ಸೆರಗಿನ ಗಂಟು ಬಿಚ್ಚಿ ಕೊಟ್ಟ ಎಂಟಾಣೆ ಅದಾಗಿದ್ರ?” ಎಂದರು ಅಪ್ಪ.

ನನ್ನ ಗಂಟಲು ಒಣಗಿತು. ಆ ಎಂಟಾಣೆ ಮಧ್ಯಾಹ್ನವೇ ಐಸ್‌ಕ್ಯಾಂಡಿಯಾಗಿ ನನ್ನ ಬಾಯಲ್ಲಿ ಕರಗಿತ್ತು. ಅಳುತ್ತ ಒಪ್ಪಿಕೊಂಡೆ. ಅಪ್ಪ ಹೊಡೆಯಲಿಲ್ಲ. ಆದರೆ ನಾನು ಪಕ್ಕದ ಹೊಲದಲ್ಲಿ ಶೇಂಗಾ ಬಿಡಿಸಿ, ಸಿಕ್ಕ ಕೂಲಿಯಲ್ಲಿ ಎಂಟಾಣೆಯನ್ನು ಮುಂದಿನ ಭಾನುವಾರ ಹಿರಿಯರ ಎದುರಿಗೇ ತುಂಬಬೇಕಾಯಿತು.

ದೇವಾಲಯದಲ್ಲಿ ಬಡ ವಿಧವೆ ಹಾಕಿದ ಎರಡು ಕಾಸನ್ನು ಯೇಸುಸ್ವಾಮಿ ಎಲ್ಲರ ಕಾಣಿಕೆಗಿಂತ ದೊಡ್ಡದೆಂದು ಎಣಿಸಿದರು. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಓದಿರಿ. ಮಿಜೋರಾಮಿನ ಕ್ರೈಸ್ತ ತಾಯಂದಿರು 1910ರಿಂದ ಅಡುಗೆ ಮಾಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ದೇವರಿಗೆಂದು ತೆಗೆದಿಡುತ್ತ ಬಂದಿದ್ದಾರೆ. ಆ ಅಕ್ಕಿ ಮಾರಿದ ಹಣ ಸಭೆಯ ಸೇವೆಗೆ ಹೋಗುತ್ತದೆ. ಒಬ್ಬರು ಹೊಟ್ಟೆ ಕಟ್ಟಿ ಕೊಟ್ಟದ್ದನ್ನು ಇನ್ನೊಬ್ಬರು ಕಣ್ಣಿಟ್ಟು ಕಾಯಬೇಕಲ್ಲವೇ?

ಸಣ್ಣದರಲ್ಲಿ ನಂಬಿಗಸ್ತನಾದವನು ದೊಡ್ಡದರಲ್ಲೂ ನಂಬಿಗಸ್ತನೆಂಬ ಮಾತು ನನಗೆ ತಿಳಿದದ್ದು ಆ ಶೇಂಗಾ ಹೊಲದಲ್ಲಿ.

ನಾಳೆ ಅಂಗಡಿಯಿಂದ ಬಂದಾಗ ಉಳಿದ ಚಿಲ್ಲರೆಯನ್ನು, ಕೇಳುವ ಮೊದಲೇ, ಅವ್ವನ ಕೈಗೆ ಎಣಿಸಿ ಕೊಡುವಿರಾ?